ಬಸುರಿಯ ಸೆಳವನ್ನು ತಡೆಯುವ ಮೆಗ್ನೀಷಿಯಂ ಲಕ್ವ ಹೊಡೆದವರ ಮೆದುಳನ್ನೇಕೆ ಉಳಿಸುವುದಿಲ್ಲ?

ಹೊಳೆಸಾಲು (ಸೋಮವಾರ, ರಾತ್ರಿ 9.40)

ಕಳೆದ ತಿಂಗಳು ನನ್ನ ತಂಗಿಗೆ ಎಂಟನೆಯ ತಿಂಗಳಿನಲ್ಲಿ ರಕ್ತದೊತ್ತಡ ವಿಪರೀತ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಂಡು, ತಲೆನೋವಿನ ಜೊತೆಗೆ ಕಣ್ಣೂ ಮಂಜಾಗತೊಡಗಿದ್ದರಿಂದ ಆಸ್ಪತ್ರೆಗೆ ಸೇರಿಸಬೇಕಾಯಿತು. ಫಿಟ್ಸ್ ಬರದಿರಲೆಂದು ಮೆಗ್ನೀಷಿಯಂ ಸಲ್ಫೇಟನ್ನು ಮೊದಲು ರಕ್ತನಾಳಕ್ಕೆ, ಆಮೇಲೆ ನಾಲ್ಕು ಗಂಟೆಗೊಮ್ಮೆ ಸೊಂಟದ ಸ್ನಾಯುವಿಗೆ ಕೊಟ್ಟರು. ಪ್ರತಿ ಚುಚ್ಚುಮದ್ದಿಗೂ ಮೊದಲು ಸಿಸ್ಟರ್ ಬಂದು ಪುಟ್ಟ ಸುತ್ತಿಗೆಯಿಂದ ಮೊಣಕಾಲ ಕೆಳಗೆ ತಟ್ಟಿ, ಉಸಿರು ಎಣಿಸಿ, ಮೂತ್ರದ ಚೀಲವನ್ನು ನೋಡಿ ಬರೆದುಕೊಳ್ಳುತ್ತಿದ್ದರು. ತಲೆದೆಸೆಯ ತಟ್ಟೆಯಲ್ಲಿ ಒಂದು ಆಂಪೂಲನ್ನು ಪ್ರತ್ಯೇಕವಾಗಿ ಇಟ್ಟು, ಅದನ್ನು ಮಾತ್ರ ಯಾರೂ ಮುಟ್ಟಬಾರದೆಂದು ತಾಕೀತು ಮಾಡಿದ್ದರು. ತಾಯಿ, ಮಗು ಇಬ್ಬರೂ ಈಗ ಕ್ಷೇಮವಾಗಿದ್ದಾರೆ.

ನನ್ನ ಪ್ರಶ್ನೆ ಬೇರೆ. ಗ್ಲುಟಮೇಟ್ ಎಂದರೆ ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸಲು ಬಿಡುವ ರಾಸಾಯನಿಕ; ಮೆದುಳಿನಲ್ಲಿ ಅದನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಅಂದರೆ ಗ್ಲುಟಮೇಟ್ ಗ್ರಾಹಕವನ್ನು, ಮೆಗ್ನೀಷಿಯಂ ಅಯಾನು ತಡೆಯುತ್ತದೆ ಎಂದು ಓದಿದೆ. ಮೂರು ವರ್ಷದ ಹಿಂದೆ ನಮ್ಮ ತಂದೆಯವರಿಗೆ ಲಕ್ವ ಹೊಡೆದಾಗ, ರಕ್ತ ಸಿಗದ ಭಾಗದಲ್ಲಿ ಗ್ಲುಟಮೇಟ್ ಉಕ್ಕಿ ನರಕೋಶಗಳು ಸಾಯುತ್ತವೆ ಎಂದು ವೈದ್ಯರೇ ವಿವರಿಸಿದ್ದರು. ಹಾಗಿದ್ದರೆ ಇಷ್ಟು ಅಗ್ಗದ ಈ ಉಪ್ಪನ್ನು ಅವರಿಗೇಕೆ ಕೊಡಲಿಲ್ಲ?

ಒಂದೇ ಸಾಲು (ರಾತ್ರಿ 9.52)

ಕೊಟ್ಟು ನೋಡಿದ್ದಾರೆ, ಫಲ ಸಿಗಲಿಲ್ಲ. ಏಕೆ ಸಿಗಲಿಲ್ಲ ಎಂಬುದನ್ನು ಬಲ್ಲವರು ಹೇಳಲಿ.

ನರಜಾಲ (ರಾತ್ರಿ 10.35)

ನಾನು ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಪ್ರಶ್ನೆ ಸರಿಯಾಗಿದೆ, ಆದರೆ ಅದಕ್ಕೆ ಎರಡು ಹೆಜ್ಜೆಯಲ್ಲಿ ಉತ್ತರಿಸಬೇಕು.

ಗ್ಲುಟಮೇಟಿಗೆ ಹಲವು ಬಗೆಯ ಗ್ರಾಹಕಗಳಿವೆ. ಇಲ್ಲಿ ಮುಖ್ಯವಾದದ್ದು ಎನ್‌ಎಂಡಿಎ ಗ್ರಾಹಕ. ಕೆರೆಯ ತೂಬನ್ನು ನೆನೆಸಿಕೊಳ್ಳಿ. ಗ್ಲುಟಮೇಟ್ ಬಂದು ಕೂತರೆ, ಅದರ ಜೊತೆ ಗ್ಲೈಸಿನ್ ಕೂಡ ಕೂತರೆ, ತೂಬಿನ ಬಾಗಿಲೇನೋ ತೆರೆಯುತ್ತದೆ. ಆದರೆ ಕೋಶವು ವಿಶ್ರಾಂತಿಯಲ್ಲಿದ್ದು ಅದರ ಒಳಭಾಗ ಸುಮಾರು −70 ಮಿಲಿವೋಲ್ಟಿನಲ್ಲಿರುವಾಗ, ಹೊರಗಿನ ಧನ ಆವೇಶದ ಮೆಗ್ನೀಷಿಯಂ ಅಯಾನು ಆ ಋಣ ಸೆಳೆತಕ್ಕೆ ಒಳನುಗ್ಗಲು ಹೋಗಿ ಕಿರಿದಾದ ಜಾಗದಲ್ಲಿ ಬಿರಡೆಯಂತೆ ಸಿಕ್ಕಿಕೊಳ್ಳುತ್ತದೆ. ಬಾಗಿಲು ತೆರೆದಿದ್ದರೂ ನೀರು ಹರಿಯುವುದಿಲ್ಲ. ಪಕ್ಕದ ಇತರ ಗ್ರಾಹಕಗಳಿಂದ ಸೋಡಿಯಂ ಒಳಬಂದು ಕೋಶದ ವೋಲ್ಟೇಜ್ ಮೇಲೇರಿದಾಗ ಮಾತ್ರ ಸೆಳೆತ ಸಡಿಲಗೊಂಡು ಬಿರಡೆ ಹೊರಕ್ಕೆ ಹಾರುತ್ತದೆ, ಕ್ಯಾಲ್ಸಿಯಂ ಒಳಹರಿಯುತ್ತದೆ. 1984ರಲ್ಲಿ ಪ್ಯಾರಿಸ್ಸಿನ ಒಂದು ತಂಡ ಮತ್ತು ಅಮೆರಿಕದ ಒಂದು ತಂಡ ಬೇರೆಬೇರೆಯಾಗಿ ಇದನ್ನು ತೋರಿಸಿದವು. ಸಂದೇಶ ಕಳಿಸುವ ಕೋಶ, ಪಡೆಯುವ ಕೋಶ ಎರಡೂ ಒಟ್ಟಿಗೆ ಚುರುಕಾಗಿದ್ದಾಗ ಮಾತ್ರ ತೆರೆಯುವುದರಿಂದಲೇ ಈ ಗ್ರಾಹಕ ಕಲಿಕೆಗೂ ನೆನಪಿಗೂ ಆಧಾರವಾಗಿದೆ.

ಎರಡನೆಯ ಹೆಜ್ಜೆ ಲಕ್ವದ್ದು. ಕೋಶದೊಳಗೆ ಮುಕ್ತ ಕ್ಯಾಲ್ಸಿಯಂ ಹೊರಗಿಗಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ ಇರುತ್ತದೆ, ಮತ್ತು ಆ ಅಂತರವನ್ನು ಕಾಯಲು ಸದಾ ಶಕ್ತಿ ಖರ್ಚಾಗುತ್ತಿರಬೇಕು. ರಕ್ತ ನಿಂತರೆ ಶಕ್ತಿ ನಿಲ್ಲುತ್ತದೆ, ಪಂಪುಗಳು ನಿಲ್ಲುತ್ತವೆ, ವೋಲ್ಟೇಜ್ ಕುಸಿಯುತ್ತದೆ. ಆಗ ಬಿರಡೆ ಹಾರುವುದು, ಗ್ಲುಟಮೇಟ್ ಉಕ್ಕುವುದು ಎರಡೂ ಒಂದೇ ಹೊತ್ತಿಗೆ ನಡೆಯುತ್ತವೆ. ನುಗ್ಗಿದ ಕ್ಯಾಲ್ಸಿಯಂ ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳನ್ನು ಎಬ್ಬಿಸಿ, ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳನ್ನು ತುಂಬಿ ಕೆಡಿಸಿ, ಕೋಶವನ್ನು ಕೊಲ್ಲುತ್ತದೆ. ಅತಿಯಾದ ಪ್ರಚೋದನೆಯಿಂದಲೇ ಬರುವ ಈ ಸಾವಿಗೆ ಅಮೆರಿಕದ ವಿಜ್ಞಾನಿ ಜಾನ್ ಓಲ್ನಿ ಎಕ್ಸೈಟೊಟಾಕ್ಸಿಸಿಟಿ ಎಂದು ಹೆಸರಿಟ್ಟರು.

ರಸಾಯನ ಮೇಷ್ಟ್ರು (ರಾತ್ರಿ 11.05)

ಒಂದು ಸಣ್ಣ ಸೇರ್ಪಡೆ. ಮೆಗ್ನೀಷಿಯಂ ದಪ್ಪಗಿರುವುದರಿಂದ ಸಿಕ್ಕಿಕೊಳ್ಳುತ್ತದೆ ಎಂದು ಯಾರೂ ಭಾವಿಸಬಾರದು. ಬರಿಯ ಅಯಾನನ್ನು ಅಳೆದರೆ ಕ್ಯಾಲ್ಸಿಯಮ್ಮಿಗಿಂತ ಅದೇ ಚಿಕ್ಕದು. ಚಿಕ್ಕದಾಗಿದ್ದು ಎರಡು ಆವೇಶ ಹೊತ್ತಿರುವುದರಿಂದಲೇ ಅದು ತನ್ನ ಸುತ್ತಲಿನ ಆರು ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತದೆ. ಕ್ಯಾಲ್ಸಿಯಂ ತನ್ನ ನೀರಿನ ಅಂಗಿಯನ್ನು ಸಾವಿರಾರು ಪಟ್ಟು ಬೇಗ ಬಿಚ್ಚಿ ಇಕ್ಕಟ್ಟಿನಲ್ಲಿ ನುಸುಳಿಬಿಡುತ್ತದೆ. ಪಿಯುಸಿ ಮಕ್ಕಳಿಗೆ ಜಲಸಂಯೋಜನೆಯ ಪಾಠ ಮಾಡುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಈವರೆಗೆ ಸಿಕ್ಕಿಲ್ಲ. ಪಠ್ಯಪುಸ್ತಕದಲ್ಲಿ ಮಾತ್ರ ಇದು ಇಲ್ಲ.

ಹೊಳೆಸಾಲು (ಮಂಗಳವಾರ, ಬೆಳಿಗ್ಗೆ 6.20)

ತೂಬಿನ ಹೋಲಿಕೆಯಿಂದ ಚೆನ್ನಾಗಿ ತಿಳಿಯಿತು. ಹಾಗಾದರೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತಲ್ಲವೇ? ಬಿರಡೆಗಳ ಸಂಖ್ಯೆಯನ್ನೇ ಹೆಚ್ಚಿಸಿದರೆ ತೂಬು ಮುಚ್ಚಬೇಕಲ್ಲ?

ಸಂಶಯಪಿಶಾಚಿ (ಬೆಳಿಗ್ಗೆ 7.45)

ನರಜಾಲ ಅವರೇ, ನೀವು ಹೇಳಿದ್ದು ಪಾತ್ರೆಯಲ್ಲಿ ಬೆಳೆಸಿದ ನರಕೋಶಗಳ ಮಟ್ಟಿಗೆ ನಿಜ. ಆದರೆ ಬಸುರಿಯ ನಂಜಿನಲ್ಲಿ ಮೆಗ್ನೀಷಿಯಂ ಕೆಲಸ ಮಾಡುವುದು ಎನ್‌ಎಂಡಿಎ ಗ್ರಾಹಕದ ಮೂಲಕವೇ ಎಂದು ಯಾರು ನಿರ್ಣಯಿಸಿದರು? ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. 1995ರ ದೊಡ್ಡ ಪ್ರಯೋಗದಲ್ಲಿ, ಮತ್ತೆ ಸೆಳವು ಬರುವುದನ್ನು ತಡೆಯುವುದರಲ್ಲಿ ಅದು ಸೆಳವಿನ ಬೇರೆ ಔಷಧಗಳಾದ ಡಯಾಜೆಪಾಮ್ ಮತ್ತು ಫೆನಿಟಾಯಿನ್ ಎರಡನ್ನೂ ಸ್ಪಷ್ಟವಾಗಿ ಸೋಲಿಸಿತು. 2002ರ ಮ್ಯಾಗ್‌ಪೈ ಪ್ರಯೋಗದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರಿದ್ದರು, ಸೆಳವಿನ ಅಪಾಯ ಅರ್ಧಕ್ಕಿಂತ ಕೆಳಗಿಳಿಯಿತು. ಆದರೆ ಹೇಗೆ ಎಂಬುದು ಬೇರೆ ಪ್ರಶ್ನೆ. ರಕ್ತದಲ್ಲಿ ಮೆಗ್ನೀಷಿಯಂ ಎರಡು ಮೂರು ಪಟ್ಟು ಏರಿದರೂ ಮೆದುಳಿನ ದ್ರವದಲ್ಲಿ ಏರುವುದು ತೀರ ಸ್ವಲ್ಪ, ಏಕೆಂದರೆ ರಕ್ತ ಮತ್ತು ಮೆದುಳಿನ ನಡುವಿನ ತಡೆಗೋಡೆ ಅದನ್ನು ಬಿಡುವುದಿಲ್ಲ. ರಕ್ತನಾಳಗಳನ್ನು ಸಡಿಲಿಸುವುದು, ತಡೆಗೋಡೆಯ ಸೋರಿಕೆಯನ್ನು ತಗ್ಗಿಸುವುದು, ಇವೂ ಅಷ್ಟೇ ತೂಕದ ವಿವರಣೆಗಳು. ಪರಿಣಾಮ ಕಂಡ ಕೂಡಲೇ ನಮಗೆ ಪ್ರಿಯವಾದ ಗ್ರಾಹಕದ ಲೆಕ್ಕಕ್ಕೆ ಅದನ್ನು ಬರೆದುಬಿಡುವುದು ಅವಸರದ ಕೆಲಸ.

ನರಜಾಲ (ಬೆಳಿಗ್ಗೆ 9.10)

ಒಪ್ಪಿದೆ, ಅರ್ಧ. ಆ ಕಾಯಿಲೆಯಲ್ಲಿ ತಡೆಗೋಡೆಯೇ ಸಡಿಲವಾಗಿರಬಹುದಾದ್ದರಿಂದ ಆರೋಗ್ಯವಂತರ ಅಳತೆಯನ್ನು ಅಲ್ಲಿಗೆ ಹಚ್ಚುವಂತಿಲ್ಲ. ಇಲಿಗಳ ಮೆದುಳಿನಲ್ಲಿ ಎನ್‌ಎಂಡಿಎ ಎಂಬ ರಾಸಾಯನಿಕದಿಂದಲೇ ಬರಿಸಿದ ಸೆಳವನ್ನು ರಕ್ತಕ್ಕೆ ಕೊಟ್ಟ ಮೆಗ್ನೀಷಿಯಂ ತಗ್ಗಿಸಿದ್ದೂ ಉಂಟು. ಎರಡೂ ದಾರಿಗಳು ಒಟ್ಟಿಗೆ ಕೆಲಸ ಮಾಡುತ್ತಿವೆ ಎಂಬುದು ನನ್ನ ಅಭಿಪ್ರಾಯ.

ಹೊಳೆಸಾಲು ಅವರ ಪ್ರಶ್ನೆಗೆ ನಿಮ್ಮ ತಡೆಗೋಡೆಯೇ ಉತ್ತರದ ಒಂದು ಭಾಗ. 2004ರ ದೊಡ್ಡ ಪ್ರಯೋಗದಲ್ಲಿ ಲಕ್ವ ಹೊಡೆದವರಿಗೆ ಹನ್ನೆರಡು ಗಂಟೆಯೊಳಗೆ ಮೆಗ್ನೀಷಿಯಂ ಕೊಟ್ಟರು, ಪ್ರಯೋಜನವಾಗಲಿಲ್ಲ. ತಡವಾಯಿತೆಂದು ಎಲ್ಲರೂ ಹೇಳಿದರು. ಹಾಗಾಗಿ ಲಾಸ್ ಏಂಜಲೀಸ್ ಸುತ್ತಮುತ್ತ ಆಂಬುಲೆನ್ಸಿನಲ್ಲೇ, ಲಕ್ಷಣ ಕಂಡ ಎರಡು ಗಂಟೆಯೊಳಗೆ ಕೊಟ್ಟು ನೋಡಿದರು. 1,700 ರೋಗಿಗಳು. 2015ರಲ್ಲಿ ಫಲಿತಾಂಶ ಬಂತು: 90 ದಿನಗಳ ನಂತರದ ಅಂಗವೈಕಲ್ಯದಲ್ಲಿ ವ್ಯತ್ಯಾಸವೇ ಇರಲಿಲ್ಲ.

ಹೊಳೆಸಾಲು ಅವರೇ, ಇನ್ನೊಂದು ಭಾಗ ನಿಮ್ಮ ಬಿರಡೆಯ ಲೆಕ್ಕದಲ್ಲೇ ಇದೆ. ವೋಲ್ಟೇಜ್ ಕುಸಿದ ಕೋಶದಲ್ಲಿ ಬಿರಡೆಯನ್ನು ಒಳಕ್ಕೆ ಎಳೆದು ಹಿಡಿಯುವ ಬಲವೇ ಉಳಿದಿರುವುದಿಲ್ಲ. ನೀವು ಎಷ್ಟು ಬಿರಡೆ ತಂದು ಸುರಿದರೂ ಅವು ತೂಬಿನಲ್ಲಿ ನಿಲ್ಲುವುದು ಕಡಿಮೆ. ಎಲ್ಲಿ ಅತ್ಯಂತ ಅಗತ್ಯವೋ ಅಲ್ಲಿಯೇ ಅದು ಅತ್ಯಂತ ದುರ್ಬಲ.

ಹೊಳೆಸಾಲು (ಬೆಳಿಗ್ಗೆ 9.30)

ಮೂರು ವರ್ಷದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಒಂದು ಪ್ರಶ್ನೆ ಇಳಿಯಿತು. ಅಂದು ಅಪ್ಪನಿಗೆ ಸಿಗಬೇಕಾದದ್ದು ಸಿಗಲಿಲ್ಲವೇನೋ ಎಂದುಕೊಂಡಿದ್ದೆ.

ಮೆಮೊರಿ ಮಾತ್ರೆ (ಬೆಳಿಗ್ಗೆ 10.15)

ಹಾಗಾದರೆ ನೆನಪಿನ ಶಕ್ತಿಗೆಂದು ಮಾರುವ ಮೆಗ್ನೀಷಿಯಂ ಮಾತ್ರೆಗಳನ್ನು ಪರೀಕ್ಷೆಯ ಸಮಯದಲ್ಲಿ ಮಗನಿಗೆ ಕೊಡಬಹುದೇ?

ಸಂಶಯಪಿಶಾಚಿ (ಬೆಳಿಗ್ಗೆ 10.18)

ಮಗನಿಗೆ ರಾತ್ರಿ ಎಂಟು ಗಂಟೆ ನಿದ್ರೆ ಕೊಡಿ. ಮೆಗ್ನೀಷಿಯಮ್ಮಿನ ಒಂದು ಸಂಯುಕ್ತವು ಇಲಿಗಳ ಕಲಿಕೆಯನ್ನು ಹೆಚ್ಚಿಸಿತು ಎಂಬ 2010ರ ಪ್ರಬಂಧವೊಂದರ ಬೆನ್ನೇರಿ ಆ ಮಾರುಕಟ್ಟೆ ಬೆಳೆದಿದೆ. ನಿಮ್ಮ ಮಗ ಇಲಿಯಲ್ಲವೆಂದು ನಂಬಿದ್ದೇನೆ.

ಅಂಗನವಾಡಿ ಅಕ್ಕ (ಮಧ್ಯಾಹ್ನ 1.50)

ನಮ್ಮಲ್ಲಿ ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆಯನ್ನು ಹದಿನಾಲ್ಕು ದಿನ ಕೊಡಿಸುತ್ತೇವೆ. ಸತು ನರಕೋಶಗಳನ್ನು ಕೊಲ್ಲುತ್ತದೆ ಎಂದು ಒಬ್ಬ ತಂದೆ ಎಲ್ಲಿಯೋ ಓದಿ ಬಂದು ನನ್ನೊಡನೆ ವಾದಕ್ಕಿಳಿದರು. ಅವರಿಗೆ ಏನು ಹೇಳಲಿ?

ನರಜಾಲ (ಮಧ್ಯಾಹ್ನ 3.05)

ಅಕ್ಕಾ, ಧೈರ್ಯವಾಗಿ ಕೊಡಿಸಿ. ಆ ತಂದೆ ಓದಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಜಾಗದ ಮಾತು. ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗದಲ್ಲಿ ಕೆಲವು ನರತುದಿಗಳು ಗ್ಲುಟಮೇಟಿನ ಚೀಲಗಳಲ್ಲಿಯೇ ಸತುವನ್ನೂ ತುಂಬಿಟ್ಟುಕೊಂಡಿರುತ್ತವೆ, ಎರಡನ್ನೂ ಜೊತೆಯಲ್ಲೇ ಬಿಡುತ್ತವೆ. ಹೊರಬಿದ್ದ ಸತು ಎನ್‌ಎಂಡಿಎ ಗ್ರಾಹಕದ ಹೊರಚಾಚಿನ ಮೇಲೆ ಕೂತು ಅದನ್ನು ತಗ್ಗಿಸುತ್ತದೆ. ಮೆಗ್ನೀಷಿಯಂನಂತೆ ತೂಬಿನೊಳಗೆ ಸಿಕ್ಕಿಕೊಳ್ಳುವುದು ಇಲ್ಲಿ ಮುಖ್ಯವಲ್ಲ, ಆದ್ದರಿಂದ ಈ ತಡೆ ವೋಲ್ಟೇಜನ್ನು ಹೆಚ್ಚು ಅವಲಂಬಿಸುವುದಿಲ್ಲ. ಗ್ರಾಹಕದಲ್ಲಿ ಎರಡು-ಎ ಎಂಬ ಉಪಘಟಕವಿದ್ದರೆ ಅತ್ಯಲ್ಪ (ನ್ಯಾನೋಮೋಲಾರ್) ಪ್ರಮಾಣವೇ ಸಾಕು, ಎರಡು-ಬಿ ಇದ್ದರೆ ಅದಕ್ಕಿಂತ ಬಹಳ ಹೆಚ್ಚು ಬೇಕು. ಇಷ್ಟರ ಮಟ್ಟಿಗೆ ಸತು ನರಕೋಶದ ಹಿತೈಷಿಯೇ.

ಕೆಡುಕು ಆರಂಭವಾಗುವುದು ಅದು ಕೋಶದ ಒಳಗೆ ಸೇರಿಕೊಂಡಾಗ. ಮೆದುಳಿಗೆ ಕೆಲಕಾಲ ರಕ್ತ ನಿಂತ ಇಲಿಗಳಲ್ಲಿ, ಸಾಯುವ ನರಕೋಶಗಳೊಳಗೆ ಸತು ಶೇಖರವಾಗುವುದನ್ನೂ, ಸತುವನ್ನು ಹಿಡಿದುಕೊಳ್ಳುವ ವಸ್ತುವನ್ನು ಮೊದಲೇ ಮೆದುಳಿನ ಕುಹರಕ್ಕೆ ಚುಚ್ಚಿದರೆ ಸಾವು ತಗ್ಗುವುದನ್ನೂ 1996ರಲ್ಲಿ ತೋರಿಸಿದರು. ಆ ಸತು ಮೆದುಳಿನೊಳಗೇ ಇದ್ದದ್ದು, ಮಾತ್ರೆಯಿಂದ ಬಂದದ್ದಲ್ಲ. ಭೇದಿಯಾದ ಮಗು ಕಳೆದುಕೊಂಡ ಸತುವನ್ನು ನಿಮ್ಮ 20 ಮಿಲಿಗ್ರಾಂ ಮಾತ್ರೆ ತುಂಬಿಕೊಡುತ್ತದೆ, ಅಷ್ಟೆ. ಆರು ತಿಂಗಳೊಳಗಿನ ಕೂಸಿಗೆ ಅರ್ಧ ಎಂಬುದು ನಿಮಗೆ ಗೊತ್ತೇ ಇದೆ.

ತಾಮ್ರದ ಚೊಂಬು (ಸಂಜೆ 5.25)

ನನ್ನ ಹೆಸರೇ ಹೇಳುವಂತೆ ನಾನು ನಲವತ್ತು ವರ್ಷದಿಂದ ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿಯುತ್ತಿದ್ದೇನೆ. ನನ್ನ ನರಕೋಶಗಳು ಚೆನ್ನಾಗಿಯೇ ಇವೆ ಎಂದು ನಂಬಿದ್ದೇನೆ. ಇವತ್ತಿನವರು ಎಲ್ಲ ಲೋಹವನ್ನೂ ವಿಷವೆಂದು ಹೆದರಿಸುವುದೇಕೆ?

ರಸಾಯನ ಮೇಷ್ಟ್ರು (ಸಂಜೆ 6.10)

ಯಾರೂ ಹೆದರಿಸಿಲ್ಲ ಸ್ವಾಮಿ. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂವರೆಗೆ ತಾಮ್ರವಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬರಿಯ ನೀರು ಒಂದು ರಾತ್ರಿಯಲ್ಲಿ ಸಾಮಾನ್ಯವಾಗಿ ಆ ಗಡಿಯನ್ನು ಮುಟ್ಟುವುದಿಲ್ಲ. ಮಜ್ಜಿಗೆ, ನಿಂಬೆರಸ, ಹುಳಿ ಹಾಕಿದರೆ ಮಾತು ಬೇರೆ. ನಮ್ಮ ಅಜ್ಜಿಯರು ತಾಮ್ರ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಳಿ ಕುದಿಸುತ್ತಿರಲಿಲ್ಲ ಎಂಬುದನ್ನು ಮರೆಯಬೇಡಿ. ಕಲಾಯಿಯವನು ಬೀದಿಗೆ ಬರುವುದು ನಿಂತ ಮೇಲೆ ಆ ಎಚ್ಚರವೂ ಹೋಯಿತು.

ನರಜಾಲ (ಸಂಜೆ 7.00)

ಚೊಂಬಿನವರೇ, ನರಕೋಶಗಳ ಸಂಧಿಯಲ್ಲಿ ತಾಮ್ರವೂ ಬಿಡುಗಡೆಯಾಗಿ ಎನ್‌ಎಂಡಿಎ ಗ್ರಾಹಕವನ್ನು ಹತೋಟಿಯಲ್ಲಿಡುತ್ತದೆ. ಅದನ್ನು ದೇಹದಿಂದ ಹೊರಹಾಕಲಾಗದವರಿಗೆ ಮಾತ್ರ ಅದು ಶತ್ರು. ವಿಲ್ಸನ್ ಕಾಯಿಲೆಯಲ್ಲಿ ಒಂದು ವಂಶವಾಹಿಯ ದೋಷದಿಂದ ಪಿತ್ತಜನಕಾಂಗವು ತಾಮ್ರವನ್ನು ಪಿತ್ತಕ್ಕೆ ಸಾಗಿಸಲಾರದೆ, ಅದು ಪಿತ್ತಜನಕಾಂಗದಲ್ಲೂ ಮೆದುಳಿನ ಆಳದ ಗಂಟುಗಳಲ್ಲೂ ಕೂಡಿಕೊಳ್ಳುತ್ತದೆ. ಹದಿಹರೆಯದಲ್ಲಿ ಕೈನಡುಕ, ತೊದಲು, ಅಕ್ಷರ ಕೆಡುವುದು, ಕಣ್ಣಿನ ಕಪ್ಪುಗುಡ್ಡೆಯ ಅಂಚಿನಲ್ಲಿ ಕಂದು ಬಳೆ ಕಾಣುತ್ತವೆ. ನಮ್ಮ ನಿಮ್ಹಾನ್ಸ್‌ನಲ್ಲಿ ಇಂಥವರಿಗೆ ದಶಕಗಳಿಂದ ಚಿಕಿತ್ಸೆ ನಡೆಯುತ್ತಿದೆ. ಅವರಿಗೆ ಕೊಡುವ ಔಷಧಗಳಲ್ಲಿ ಒಂದು ಯಾವುದು ಗೊತ್ತೇ? ಅಂಗನವಾಡಿ ಅಕ್ಕನವರ ಅದೇ ಸತು, ಹೆಚ್ಚಿನ ಪ್ರಮಾಣದಲ್ಲಿ. ಅದು ಕರುಳಿನ ಗೋಡೆಯಲ್ಲಿ ತಾಮ್ರವನ್ನು ಹಿಡಿದು ನಿಲ್ಲಿಸುವ ಪ್ರೋಟೀನನ್ನು ಹೆಚ್ಚಿಸುತ್ತದೆ.

ದಂತಕಥೆ (ರಾತ್ರಿ 8.15)

ದಂತವೈದ್ಯನಾಗಿ ಅದರ ತಿರುವುಮುರುವನ್ನು ಹೇಳುತ್ತೇನೆ. ಹಲ್ಲಿನ ಸೆಟ್ಟನ್ನು ಅಂಟಿಸುವ ಕೆಲವು ಕ್ರೀಮುಗಳಲ್ಲಿ ಸತುವಿತ್ತು. ಅಮೆರಿಕದಲ್ಲಿ ಅದನ್ನು ವರ್ಷಗಟ್ಟಲೆ ಮಿತಿಮೀರಿ ಬಳಸಿದ ಕೆಲವರಿಗೆ ತಾಮ್ರದ ಕೊರತೆಯಾಗಿ, ಬೆನ್ನುಹುರಿ ಕೆಟ್ಟು, ನಡಿಗೆಯೇ ತಪ್ಪಿತು. ಮೆದುಳಿಗೆ ಒಂದು ಲೋಹ ಹೆಚ್ಚಾದರೆ ಇನ್ನೊಂದು ಕಡಿಮೆಯಾಗಿರಬಹುದು, ಲೆಕ್ಕವನ್ನು ಜೋಡಿಯಾಗಿಯೇ ನೋಡಬೇಕು.

ಗಣಿಧೂಳು (ರಾತ್ರಿ 9.20)

ಸಂಡೂರಿನ ಕಡೆಯವನು ನಾನು, ಮ್ಯಾಂಗನೀಸ್ ಅದಿರಿನ ಮಾದರಿ ಪರೀಕ್ಷಿಸುವ ಕೆಲಸದಲ್ಲಿದ್ದೆ. 1837ರಲ್ಲಿಯೇ ಸ್ಕಾಟ್ಲೆಂಡಿನಲ್ಲಿ ಜಾನ್ ಕೂಪರ್ ಎಂಬ ವೈದ್ಯರು, ಮ್ಯಾಂಗನೀಸ್ ಆಕ್ಸೈಡನ್ನು ಅರೆಯುವ ಕೂಲಿಗಳ ಕಾಲು ಸೋಲುವುದನ್ನೂ ದನಿ ಕುಗ್ಗುವುದನ್ನೂ ಬರೆದಿಟ್ಟರು. ಚಿಲಿಯ ಗಣಿಗಳಲ್ಲಿ ಮೊದಲು ಹುಚ್ಚಿನಂಥ ವರ್ತನೆ, ಅಳು, ನಗು ಬಂದು, ಆಮೇಲೆ ಮೈ ಬಿಗಿಯುತ್ತಿತ್ತು. ತುದಿಗಾಲಲ್ಲಿ ಹುಂಜದಂತೆ ನಡೆಯುತ್ತಿದ್ದರಂತೆ. ಪಾರ್ಕಿನ್ಸನ್ ಹೋಲುವ ಈ ಸ್ಥಿತಿಗೆ ಪಾರ್ಕಿನ್ಸನ್ನಿನ ಮಾತ್ರೆ ಅಷ್ಟಾಗಿ ನಾಟುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಇದಕ್ಕೂ ಗ್ಲುಟಮೇಟಿಗೂ ಸಂಬಂಧವುಂಟೇ? ಗಣಿಯ ಊರಿನ ಎಲ್ಲರಿಗೂ ಈ ರೋಗವೆಂದು ದಯವಿಟ್ಟು ಯಾರೂ ಸುದ್ದಿ ಹಬ್ಬಿಸಬೇಡಿ. ಅಪಾಯವಿರುವುದು ನುಣುಪು ಧೂಳು ಮತ್ತು ವೆಲ್ಡಿಂಗ್ ಹೊಗೆಯನ್ನು ದಿನವೂ ಉಸಿರಾಡುವವರಿಗೆ.

ನರಜಾಲ (ರಾತ್ರಿ 10.00)

ಸಂಬಂಧವಿದೆ. ನರಕೋಶದ ಪಕ್ಕದ ನಕ್ಷತ್ರಾಕಾರದ ಪೋಷಕ ಕೋಶಗಳು ಚೆಲ್ಲಿದ ಗ್ಲುಟಮೇಟನ್ನು ಹೀರಿ ಗ್ಲುಟಮೀನ್ ಆಗಿ ಬದಲಿಸುತ್ತವೆ. ಆ ಬದಲಾವಣೆ ಮಾಡುವ ಕಿಣ್ವಕ್ಕೆ ಮ್ಯಾಂಗನೀಸೇ ಬೇಕು. ಆದರೆ ಮ್ಯಾಂಗನೀಸ್ ಮಿತಿಮೀರಿದರೆ ಅದೇ ಕೋಶಗಳ ಹೀರುವ ಶಕ್ತಿ ಕುಂದಿ, ಗ್ಲುಟಮೇಟ್ ಹೊರಗೆ ಉಳಿದುಬಿಡುತ್ತದೆ. ಪಾದರಸದ ಮಿಥೈಲ್ ರೂಪವೂ ಈ ಹೀರುವಿಕೆಗೇ ಅಡ್ಡಿ ಮಾಡುತ್ತದೆ. ಇಲ್ಲಿ ಲೋಹ ಗ್ರಾಹಕವನ್ನು ಮುಟ್ಟದೆಯೇ ಗ್ರಾಹಕವನ್ನು ದಣಿಸಿದಂತಾಯಿತು.

ಸಂಶಯಪಿಶಾಚಿ (ರಾತ್ರಿ 10.25)

ಇಷ್ಟೆಲ್ಲ ಮಾತಾಡಿ ಸೀಸವನ್ನು ಬಿಟ್ಟಿರುವುದು ನನಗೆ ಆಶ್ಚರ್ಯ. ಮೇಲಿನ ಎಲ್ಲ ಲೋಹಗಳಿಗೂ ದೇಹದಲ್ಲಿ ಏನಾದರೊಂದು ಕೆಲಸವಿದೆ, ಪಾದರಸವನ್ನು ಬಿಟ್ಟು. ಸೀಸಕ್ಕೂ ಯಾವ ಕೆಲಸವೂ ಇಲ್ಲ. ಅದು ಕ್ಯಾಲ್ಸಿಯಮ್ಮಿನ ವೇಷ ಹಾಕಿಕೊಂಡು ಓಡಾಡುತ್ತದೆ. ಕೋಶದೊಳಗಿನ ಒಂದು ಮುಖ್ಯ ಕಿಣ್ವವನ್ನು ಕ್ಯಾಲ್ಸಿಯಮ್ಮಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಎಬ್ಬಿಸುತ್ತದೆ, ಎನ್‌ಎಂಡಿಎ ಗ್ರಾಹಕವನ್ನು ತಡೆಯುತ್ತದೆ. ದೊಡ್ಡವರ ಮೆದುಳಿಗಿಂತ, ಸಂಪರ್ಕಗಳು ಇನ್ನೂ ಕಟ್ಟಿಕೊಳ್ಳುತ್ತಿರುವ ಮಗುವಿನ ಮೆದುಳಿಗೆ ಈ ತಡೆ ದುಬಾರಿ. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು, ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಹಳೆಯ ಬಾಗಿಲಿನ ಸಿಪ್ಪೆಯೇಳುವ ಬಣ್ಣ, ಹಳೆ ಬ್ಯಾಟರಿ ಒಡೆಯುವ ಗಲ್ಲಿಗಳು ಇನ್ನೂ ಇವೆ.

ಅಂಗನವಾಡಿ ಅಕ್ಕ (ರಾತ್ರಿ 10.50)

ಮೈಯಿಂದ ಸೀಸವನ್ನು ತೆಗೆಯುವ ಔಷಧ ಇದೆಯಲ್ಲವೇ?

ಸಂಶಯಪಿಶಾಚಿ (ರಾತ್ರಿ 11.02)

ರಕ್ತದಿಂದ ತೆಗೆಯುತ್ತದೆ. ತೀವ್ರ ವಿಷಬಾಧೆಯಲ್ಲಿ ಪ್ರಾಣ ಉಳಿಸುತ್ತದೆ. ಆದರೆ ಮಧ್ಯಮ ಪ್ರಮಾಣದ ಸೀಸವಿದ್ದ 780 ಮಕ್ಕಳಿಗೆ ಅಂಥ ಔಷಧ ಕೊಟ್ಟ ಅಮೆರಿಕದ ಪ್ರಯೋಗದಲ್ಲಿ ರಕ್ತದ ಸೀಸ ಇಳಿದರೂ ಮಕ್ಕಳ ಬುದ್ಧಿಪರೀಕ್ಷೆಯ ಅಂಕಗಳು ಮೇಲೇರಲಿಲ್ಲ ಎಂದು 2001ರಲ್ಲಿ ಪ್ರಕಟವಾಯಿತು. ಆದ್ದರಿಂದ ಅಕ್ಕಾ, ನಿಮ್ಮ ಕಬ್ಬಿಣದ ಮಾತ್ರೆಗಳನ್ನು ತಪ್ಪಿಸಬೇಡಿ. ರಕ್ತಹೀನತೆಯಿರುವ ಮಗುವಿನ ಕರುಳು ಕಬ್ಬಿಣಕ್ಕಾಗಿ ತೆರೆದ ಬಾಗಿಲಿನಿಂದ ಸೀಸವನ್ನೂ ಮ್ಯಾಂಗನೀಸನ್ನೂ ಹೆಚ್ಚು ಬಿಟ್ಟುಕೊಳ್ಳುತ್ತದೆ.

ಒಂದೇ ಸಾಲು (ಬುಧವಾರ, ಬೆಳಿಗ್ಗೆ 6.05)

ಅಲ್ಯೂಮಿನಿಯಂ ಕುಕ್ಕರಿನಿಂದ ಮರೆಗುಳಿ ರೋಗ ಬರುತ್ತದೆ ಎಂಬುದು ಏನಾಯಿತು?

ರಸಾಯನ ಮೇಷ್ಟ್ರು (ಬೆಳಿಗ್ಗೆ 6.40)

ಸಾಬೀತಾಗಿಲ್ಲ. 1970ರ ದಶಕದಲ್ಲಿ ಅಲ್ಯೂಮಿನಿಯಂ ಇದ್ದ ನೀರಿನಿಂದ ಡಯಾಲಿಸಿಸ್ ಮಾಡಿಸಿಕೊಂಡವರ ಮೆದುಳು ಕೆಟ್ಟದ್ದು ನಿಜ, ಆದರೆ ಅದು ರಕ್ತಕ್ಕೇ ನೇರವಾಗಿ ಸೇರಿದ ಲೋಹ. ಕುಕ್ಕರಿನ ಅನ್ನವನ್ನು ಅದಕ್ಕೆ ಹೋಲಿಸಬಾರದು.

ಹಳೇ ಸಿಸ್ಟರ್ (ಬೆಳಿಗ್ಗೆ 8.30)

ಎಲ್ಲರೂ ಮೆದುಳಿನ ಸುತ್ತಲೇ ತಿರುಗುತ್ತಿದ್ದೀರಿ. ಹೊಳೆಸಾಲು ಅವರು ಮೊದಲೇ ಹೇಳಿದ ಸುತ್ತಿಗೆಯನ್ನು ಯಾರೂ ಗಮನಿಸಲಿಲ್ಲ. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿದ್ದವಳಾಗಿ ಹೇಳುತ್ತೇನೆ. ನರವು ಸ್ನಾಯುವಿಗೆ ಅಪ್ಪಣೆ ಕೊಡಬೇಕಾದರೆ ನರದ ತುದಿಗೆ ಕ್ಯಾಲ್ಸಿಯಂ ಒಳಬರಬೇಕು. ಮೆಗ್ನೀಷಿಯಂ ಅಲ್ಲಿಯೂ ಅದಕ್ಕೆ ಅಡ್ಡ ನಿಲ್ಲುತ್ತದೆ. ಪ್ರಮಾಣ ಮೀರುತ್ತ ಹೋದಂತೆ ಮೊದಲು ಮಂಡಿಯ ಎಗರು ಮಾಯವಾಗುತ್ತದೆ, ಅನಂತರ ಉಸಿರಾಟದ ಸ್ನಾಯು ಸೋಲುತ್ತದೆ, ಕೊನೆಗೆ ಹೃದಯ. ಮಂಡಿ ಎಗರದಿದ್ದರೆ ಮುಂದಿನ ಚುಚ್ಚುಮದ್ದನ್ನು ನಿಲ್ಲಿಸಲೇಬೇಕು. ಮೂತ್ರವನ್ನು ಅಳೆಯುವುದು ಮೆಗ್ನೀಷಿಯಂ ಹೊರಹೋಗುವ ದಾರಿ ಅದೊಂದೇ ಆದ್ದರಿಂದ. ನಾಲ್ಕು ಗಂಟೆಯಲ್ಲಿ ನೂರು ಮಿಲಿಲೀಟರಾದರೂ ಬಂದಿರಬೇಕು.

ಈಗ ನೀವೇ ಹೇಳಿ, ತಲೆದೆಸೆಯಲ್ಲಿ ಮುಟ್ಟಬಾರದೆಂದು ಇಟ್ಟಿದ್ದ ಆಂಪೂಲಿನಲ್ಲಿ ಏನಿತ್ತು?

ಹೊಳೆಸಾಲು (ಬೆಳಿಗ್ಗೆ 8.55)

ಕ್ಯಾಲ್ಸಿಯಂ?

ಹಳೇ ಸಿಸ್ಟರ್ (ಬೆಳಿಗ್ಗೆ 9.02)

ಕ್ಯಾಲ್ಸಿಯಂ ಗ್ಲುಕೋನೇಟ್, ಹತ್ತು ಪರ್ಸೆಂಟಿನದು, ಹತ್ತು ಎಂಎಲ್. ರಕ್ತನಾಳಕ್ಕೆ ನಿಧಾನವಾಗಿ, ಹೃದಯದ ಬಡಿತ ನೋಡುತ್ತ ಕೊಡಬೇಕು. ಅಷ್ಟು ವರ್ಷದಲ್ಲಿ ಅದನ್ನು ನಾನು ಒಡೆದದ್ದು ಎರಡೇ ಸಲ. ಪ್ರತಿ ಪಾಳಿಯ ಆರಂಭದಲ್ಲಿ ಅದು ತಟ್ಟೆಯಲ್ಲಿದೆಯೇ ಎಂದು ನೋಡಿದ ಮೇಲೆಯೇ ಹಿಂದಿನವಳನ್ನು ಮನೆಗೆ ಕಳಿಸುತ್ತಿದ್ದೆ.